ಹಳೆ ಜೀಪಿಗೆ ಯಾವ ಪೇಂಟ್, ಎಷ್ಟು ಹೊಳಪು?

ಟಿಂಕರಿಂಗ್ ಮುಗಿಯುತ್ತಾ ಬಂದ ಹಾಗೆ ಪೇಂಟರ್ ಕೇಳುವ ಮೊದಲ ಪ್ರಶ್ನೆ: ‘ಗ್ಲಾಸಾ ಸಾರ್, ಮ್ಯಾಟಾ?’ ಅಂದರೆ, ಹೊಳೆಯಬೇಕೋ ಮಂಕಾಗಿರಬೇಕೋ? ಮಾಲೀಕರು ಫೋನು ತೆಗೆದು ಯಾವುದೋ ಒಣಸೀಮೆಯಲ್ಲಿ ನಿಂತ ಜೀಪಿನ ಚಿತ್ರ ತೋರಿಸುತ್ತಾರೆ. ಚಿತ್ರ ಚೆನ್ನಾಗಿಯೇ ಇರುತ್ತದೆ. ಆದರೆ ಆ ಜೀಪು ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ವಾರಗಟ್ಟಲೆ ನೆನೆದದ್ದಲ್ಲ, ಅದರ ಹಿಂದೆ ಪೊಟ್ಯಾಷ್ ಗೊಬ್ಬರದ ಚೀಲ ಹೇರಿದವರೂ ಇಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ, ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಮೂವತ್ತು ಕಿಲೋಮೀಟರ್ ಇಳಿದು ಕುಶಾಲನಗರಕ್ಕೆ ಬಂದರೆ ಅದರ ಅರ್ಧವೂ ಇಲ್ಲ. ಒಂದೇ ಜಿಲ್ಲೆಯೊಳಗೆ ಒಂದೇ ಡಬ್ಬಿಯ ಪೇಂಟಿನ ಆಯುಷ್ಯ ಬೇರೆ ಬೇರೆ.

ಪೇಂಟರ್ ಕೇಳಿದ್ದು ಒಂದು ಪ್ರಶ್ನೆ. ಉತ್ತರಿಸಬೇಕಾದವು ಎರಡು. ಪೇಂಟಿನ ಜಾತಿ ಯಾವುದು ಎನ್ನುವುದು ಒಂದು. ಅದು ಎಷ್ಟು ಹೊಳೆಯಬೇಕು ಎನ್ನುವುದು ಇನ್ನೊಂದು. ‘ಪಿಯು (ಪಾಲಿಯುರೆಥೇನ್) ಅಂದರೆ ಮಿರಿಮಿರಿ, ಎನಾಮಲ್ ಅಂದರೆ ಮಂಕು’ ಎಂಬ ಮಾತು ಸರಿಯಲ್ಲ. ಯಾವ ಜಾತಿಯ ಪೇಂಟನ್ನಾದರೂ ಕನ್ನಡಿಯಂತೆಯೂ ಮಾಡಬಹುದು, ಮಸಿಯಂತೆಯೂ ಮಾಡಬಹುದು. ನೀರು, ಪೆಟ್ರೋಲ್, ಗೊಬ್ಬರವನ್ನು ತಡೆಯುವುದು ಜಾತಿ. ಕೊಳೆ ಹಿಡಿಯುವುದು, ಡೆಂಟ್ ಕಾಣುವುದು, ಮುಂದೆ ಗೀರು ಬಿದ್ದಾಗ ರಿಪೇರಿ ಆಗುವುದು ಬಿಡುವುದು ಹೊಳಪಿಗೆ ಸೇರಿದ್ದು.

ಹೊಳಪು ಕಡಿಮೆ ಮಾಡಿದಾಗ ಏನಾಗುತ್ತದೆ

ಗ್ಲಾಸ್ ಪೇಂಟಿನ ಮೇಲ್ಮೈ ನುಣುಪು, ಬಿದ್ದ ಬೆಳಕು ಒಂದೇ ದಿಕ್ಕಿಗೆ ವಾಪಸ್ ಹೋಗುತ್ತದೆ. ಮ್ಯಾಟ್ ಮಾಡಲು ಪೇಂಟಿಗೆ ಸಿಲಿಕಾದ ನುಣ್ಣನೆಯ ಪುಡಿ ಸೇರಿಸುತ್ತಾರೆ. ಪೇಂಟ್ ಒಣಗಿ ಕುಗ್ಗಿದಾಗ ಆ ಕಣಗಳು ಮೇಲ್ಮೈಯನ್ನು ತರಿತರಿ ಮಾಡಿ ಬೆಳಕನ್ನು ಚದುರಿಸುತ್ತವೆ. ಹೊಳಪನ್ನು ಅಳೆಯುವ ಮೀಟರ್ ಇದೆ. 60 ಡಿಗ್ರಿ ಕೋನದಲ್ಲಿ ನೋಡಿದಾಗ 85ಕ್ಕಿಂತ ಮೇಲೆ ಬಂದರೆ ಪೂರ್ತಿ ಗ್ಲಾಸ್, 10ರ ಕೆಳಗೆ ಬಂದರೆ ಮ್ಯಾಟ್. ನಡುವೆ ಸುಮಾರು 30ರಿಂದ 60ರವರೆಗಿನದನ್ನು ಪೇಂಟ್ ಅಂಗಡಿಯವರು ಸೆಮಿ ಗ್ಲಾಸ್ ಅಥವಾ ಸ್ಯಾಟಿನ್ ಎಂದು ಕೊಡುತ್ತಾರೆ. ಒಬ್ಬರ ಸ್ಯಾಟಿನ್ ಇನ್ನೊಬ್ಬರ ಸೆಮಿ ಗ್ಲಾಸ್ ಆಗಿರುತ್ತದೆ. ಆದ್ದರಿಂದ ಹೆಸರು ಹೇಳಿ ಖರೀದಿಸಬೇಡಿ, ಸಂಖ್ಯೆ ಕೇಳಿ ಅಥವಾ ತಗಡಿನ ಮೇಲೆ ಹೊಡೆಸಿ ನೋಡಿ.

ಆ ತರಿಯಲ್ಲೇ ಕೊಡಗಿನ ತೊಂದರೆ ಶುರುವಾಗುತ್ತದೆ. ಮ್ಯಾಟ್ ಮೇಲ್ಮೈಯಲ್ಲಿ ನೀರು ಬೇಗ ಜಾರುವುದಿಲ್ಲ, ಕೆಂಪು ಮಣ್ಣು ಕೂರುತ್ತದೆ. ಮರದಡಿ ನಿಲ್ಲಿಸಿದ ಗಾಡಿಗೆ ಮಳೆಗಾಲದ ಕೊನೆಯ ಹೊತ್ತಿಗೆ ಹಸಿರು ಪಾಚಿ ಹತ್ತಿರುತ್ತದೆ. ಗ್ಲಾಸ್ ಆಗಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತಿತ್ತು. ಮ್ಯಾಟನ್ನು ಬ್ರಷ್ ಹಾಕಿ ಉಜ್ಜಬೇಕು; ಉಜ್ಜಿದಲ್ಲಿ ಪೇಂಟು ಹೊಳಪು ಪಡೆದು ಕಲೆಯಾಗುತ್ತದೆ. ಬಾಗಿಲಿಲ್ಲದ ಜೀಪಿನಲ್ಲಿ ಹತ್ತಿ ಇಳಿಯುವಾಗ ಪ್ಯಾಂಟು ತಾಗುವ ಅಂಚು ವರ್ಷದೊಳಗೇ ಮಿನುಗತೊಡಗುತ್ತದೆ. ಅದನ್ನು ಮತ್ತೆ ಮ್ಯಾಟ್ ಮಾಡುವ ಪಾಲಿಷ್ ಯಾವುದೂ ಇಲ್ಲ.

ಪೂರ್ತಿ ಗ್ಲಾಸ್‌ಗೆ ಬೇರೆಯೇ ಕಾಯಿಲೆ. ಜೀಪಿನ ಮೈ ಬಹುಪಾಲು ಚಪ್ಪಟೆ ತಗಡು, ಜೊತೆಗೆ ಸ್ಪಾಟ್ ವೆಲ್ಡ್ ಗುಳಿಗಳು. ಅರವತ್ತು ವರ್ಷ ಕಲ್ಲು, ಕೊಂಬೆ, ಚೀಲಗಳ ಏಟು ತಿಂದ ಬಾನೆಟ್ಟನ್ನು ಕನ್ನಡಿಯಂತೆ ಹೊಳೆಸಬೇಕಾದರೆ ಅಷ್ಟಗಲಕ್ಕೂ ಪುಟ್ಟಿ ಬಳಿದು ಬ್ಲಾಕ್ ಹಿಡಿದು ಉಜ್ಜಬೇಕು. ಅಲುಗಾಡುವ, ಬಾಗುವ ಜೀಪಿನ ಮೈಯಲ್ಲಿ ದಪ್ಪ ಪುಟ್ಟಿ ಬಿರುಕು ಬಿಡದೆ ಇರುವುದಿಲ್ಲ. 2 ಮಿ.ಮೀ.ಗಿಂತ ದಪ್ಪ ಪುಟ್ಟಿ ಬೇಕೆನಿಸಿದ ಕಡೆ ಟಿಂಕರಿಂಗ್ ಸಾಲದು ಎಂದೇ ತಿಳಿಯಬೇಕು. ಸೆಮಿ ಗ್ಲಾಸ್ ಸಣ್ಣಪುಟ್ಟ ಅಲೆಯನ್ನು ಮುಚ್ಚುತ್ತದೆ, ಪುಟ್ಟಿ ಅರ್ಧಕ್ಕಿಳಿಯುತ್ತದೆ.

ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತು

1941ರಿಂದ 1945ರವರೆಗೆ ಯುದ್ಧಕ್ಕಾಗಿ ತಯಾರಾದ ವಿಲ್ಲಿಸ್ ಎಂಬಿ, ಫೋರ್ಡ್ ಜಿಪಿಡಬ್ಲ್ಯೂ ಜೀಪುಗಳಿಗೆ ಹೊಳಪಿಲ್ಲದ ಆಲಿವ್ ಡ್ರ್ಯಾಬ್ ಎನಾಮಲ್ ಇತ್ತು. ಮಿನುಗಿದರೆ ವಿಮಾನದಿಂದ ಕಾಣುತ್ತದೆ ಎಂಬುದೇ ಕಾರಣ. 1945ರಲ್ಲಿ ರೈತರಿಗೆಂದು ಬಂದ ಸಿಜೆ-2ಎಗೆ ಬಣ್ಣಗಳು ಬಂದವು: ಹುಲ್ಲುಗಾವಲು ಹಸಿರು ಮೈಗೆ ಹಳದಿ ಚಕ್ರ, ಕಂದು ಮೈಗೆ ಕೆಂಪು ಚಕ್ರ. ಮುಂದೆ ನಮ್ಮಲ್ಲಿ ಮಹೀಂದ್ರ ತಯಾರಿಸಿದ, ತೋಟಗಳಲ್ಲಿ ಹೆಚ್ಚಾಗಿ ಸಿಗುವ ಎತ್ತರ ಬಾನೆಟ್ಟಿನ ಸಿಜೆ-3ಬಿಯ ಮೈಯೂ ನಾಗರಿಕ ಬಳಕೆಯದು. ಅದಕ್ಕೆ ಯುದ್ಧದ ಮ್ಯಾಟ್ ಬಳಿದು ‘ಒರಿಜಿನಲ್’ ಎನ್ನುವುದು ತಪ್ಪು. ಅದರ ಮೇಲೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಪದರ) ಹೊಡೆದು ಹೊಸ ಕಾರಿನಂತೆ ಹಸಿಹಸಿಯಾಗಿ ಹೊಳೆಸುವುದೂ ತಪ್ಪೇ. ಬೇಸ್ ಕೋಟ್-ಕ್ಲಿಯರ್ ಕೋಟ್ ಪದ್ಧತಿ ಕಾರುಗಳಲ್ಲಿ ವ್ಯಾಪಕವಾದದ್ದು 1980ರ ದಶಕದಿಂದ ಈಚೆಗೆ. ಹಳೆ ಜೀಪಿನ ಹೊಳಪು ಬಣ್ಣದೊಳಗಿಂದಲೇ ಬರುತ್ತಿದ್ದ, ಸ್ವಲ್ಪ ಕಿತ್ತಳೆ ಸಿಪ್ಪೆಯಂಥ ತರಿಯಿದ್ದ ಎನಾಮಲ್ ಹೊಳಪು. ಕ್ಲಿಯರ್ ಇಲ್ಲದ ಸಿಂಗಲ್ ಸ್ಟೇಜ್ ಪೇಂಟೇ ಅದಕ್ಕೆ ಹತ್ತಿರ.

ಮೂಲ ಬಣ್ಣ ಹುಡುಕಲು ಹೊರಮೈ ಕೆದಕಬೇಡಿ, ಅದು ಬಿಸಿಲಿಗೆ ಮಾಸಿರುತ್ತದೆ. ಡ್ಯಾಷ್‌ಬೋರ್ಡಿನ ಹಿಂಬದಿ, ಕಂಪನಿಯ ತಗಡಿನ ಫಲಕದ ಅಡಿ, ಚಾಲಕನ ಸೀಟಿನ ಕೆಳಗೆ ಪೆಟ್ರೋಲ್ ಟ್ಯಾಂಕ್ ಕೂರುವ ಜಾಗದ ಗೋಡೆ, ಗಾಜಿನ ರಬ್ಬರಿನಡಿ ನೋಡಿ. ಸಿಕ್ಕ ತುಣುಕನ್ನು ರಬ್ಬಿಂಗ್ ಕಾಂಪೌಂಡಿನಲ್ಲಿ ತಿಕ್ಕಿ ಹೊಳಪು ತಂದ ಮೇಲೆ ಬಣ್ಣ ಹೊಂದಿಸಲು ಕೊಡಿ. ಮಂಕಾದ ಮೇಲ್ಮೈಯನ್ನು ಸ್ಕ್ಯಾನ್ ಮಾಡಿದರೆ ಯಂತ್ರ ಬಣ್ಣವನ್ನು ತಿಳಿಯಾಗಿ ಓದುತ್ತದೆ. ಅದೇ ಕಾರಣಕ್ಕೆ ಒಂದೇ ಹಸಿರು ಮ್ಯಾಟಿನಲ್ಲಿ ತಿಳಿಯಾಗಿ, ಗ್ಲಾಸಿನಲ್ಲಿ ಗಾಢವಾಗಿ ಕಾಣುತ್ತದೆ.

ಪೇಂಟಿನ ಜಾತಿ

ಎನ್‌ಸಿ, ಅಂದರೆ ಹಳಬರು ಡ್ಯೂಕೋ ಎನ್ನುವ ನೈಟ್ರೋಸೆಲ್ಯುಲೋಸ್ ಲ್ಯಾಕರ್, ಥಿನ್ನರ್ ಹಾರಿದ ಕೂಡಲೇ ಒಣಗುತ್ತದೆ, ಬಫಿಂಗ್‌ಗೆ ಸೊಗಸು. ಆದರೆ ಒಣಗಿದ ಮೇಲೂ ಥಿನ್ನರ್ ತಾಗಿದರೆ ಕರಗುತ್ತದೆ, ಪೆಟ್ರೋಲ್ ಚೆಲ್ಲಿದರೆ ಮೆತ್ತಗಾಗುತ್ತದೆ. ತೇವದ ಹವೆಯಲ್ಲಿ ಹೊಡೆದರೆ ಥಿನ್ನರ್ ವೇಗವಾಗಿ ಹಾರುತ್ತಾ ತಗಡನ್ನು ತಣ್ಣಗಾಗಿಸಿ, ಗಾಳಿಯ ನೀರು ಪೇಂಟಿನೊಳಗೇ ಇಳಿದು ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಕೊಡಗಿನಲ್ಲಿ ಇದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಸಿಂಥೆಟಿಕ್ ಎನಾಮಲ್ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಅಗ್ಗ, ಬ್ರಷ್ಷಿನಲ್ಲೂ ಹಚ್ಚಬಹುದು, ಸ್ವಲ್ಪ ಬಾಗುವ ಗುಣವಿದೆ, ಗೀರು ಬಿದ್ದರೆ ಸಣ್ಣ ಡಬ್ಬಿ ತೆಗೆದು ಮನೆಯಲ್ಲೇ ತೇಪೆ ಹಾಕಬಹುದು. ಪೂರ್ತಿ ಗಟ್ಟಿಯಾಗಲು ವಾರಗಳು ಹಿಡಿಯುತ್ತವೆ. ಹೊಳಪು ಎರಡು-ಮೂರು ವರ್ಷದಲ್ಲಿ ತಾನಾಗಿ ಇಳಿದು ಸೆಮಿ ಗ್ಲಾಸ್ ಆಗುತ್ತದೆ. ಹಳೆ ಜೀಪಿಗೆ ಇದನ್ನು ದೋಷ ಎನ್ನಬೇಕಾಗಿಲ್ಲ. ನಿಜವಾದ ದೋಷ ಒಂದಿದೆ. ಎನಾಮಲ್ಲಿನ ಎಣ್ಣೆಯಂಶವನ್ನು ಸುಣ್ಣ ಸಾಬೂನಾಗಿಸುತ್ತದೆ. ಗಿಡಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ (ಮೈಲುತುತ್ತ, ಸುಣ್ಣದ ಮಿಶ್ರಣ) ಕಲಸಿದ ಸುಣ್ಣದ ತಿಳಿ ಹಿಂಬಾಗಿಲ ಮೇಲೆ ಚೆಲ್ಲಿ ಒಣಗಿದರೆ ಅಲ್ಲಿ ಪೇಂಟ್ ಮೆತ್ತಗಾಗಿ, ಅಂಟಂಟಾಗಿ, ಆಮೇಲೆ ಸಿಪ್ಪೆಯಾಗಿ ಎದ್ದು ಬರುತ್ತದೆ.

2ಕೆ ಪಿಯುವಿನಲ್ಲಿ ಪೇಂಟಿಗೆ ಹಾರ್ಡನರ್ ಬೆರೆಸುತ್ತೇವೆ. ಎರಡೂ ಕೂಡಿ ರಾಸಾಯನಿಕವಾಗಿ ಗಟ್ಟಿಯಾಗುತ್ತವೆ. ಪೆಟ್ರೋಲ್, ಸುಣ್ಣ, ಗೊಬ್ಬರ, ಬ್ರೇಕ್ ಆಯಿಲ್ ಚೆಲ್ಲಿದರೂ ಒರೆಸುವಷ್ಟು ಹೊತ್ತು ತಡೆಯುತ್ತದೆ. ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಮಾತ್ರ ಭಯಂಕರ. ಸ್ಪ್ರೇ ಮಾಡುವಾಗ ಉಸಿರಿಗೆ ಹೋದರೆ ಬಿಡದೆ ಕಾಡುವ ಆಸ್ತಮಾ ಹಿಡಿಸಬಲ್ಲದು, ವಾಸನೆಯಿಂದ ಎಚ್ಚರಿಕೆಯೂ ಸಿಗದು. ಬಟ್ಟೆಯ ಮಾಸ್ಕ್ ಲೆಕ್ಕಕ್ಕಿಲ್ಲ. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್ ಬೇಕು. ಅದಿಲ್ಲದ ಶೆಡ್ಡಿನಲ್ಲಿ 2ಕೆ ಹೊಡೆಯಬಾರದು. ಬೂತ್ ಇರುವ ವರ್ಕ್‌ಶಾಪಿಗೆ ಮೈಯನ್ನು ಬಿಚ್ಚಿ ಕಳಿಸಿ, ಇಲ್ಲವೇ ಎನಾಮಲ್ಲಿಗೆ ಬನ್ನಿ.

ಗಾಡಿಯ ಮೇಲೆ ಈಗಿರುವ ಪೇಂಟ್ ಯಾವ ಜಾತಿ ಎಂದು ತಿಳಿಯಲು ಎನ್‌ಸಿ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಲ್ಯಾಕರ್, ಸುಕ್ಕುಗಟ್ಟಿದರೆ ಎನಾಮಲ್, ಏನೂ ಆಗದಿದ್ದರೆ 2ಕೆ ಅಥವಾ ಕಾರ್ಖಾನೆಯಲ್ಲಿ ಬೇಯಿಸಿದ ಪೇಂಟ್. ಸುಕ್ಕುಗಟ್ಟುವ ಪೇಂಟಿನ ಮೇಲೆ 2ಕೆ ಹೊಡೆದರೆ ಇಡೀ ಬಾನೆಟ್ ಹಾಗೆಯೇ ಸುಕ್ಕುಗಟ್ಟುತ್ತದೆ. ಪೂರ್ತಿ ತೆಗೆಯಲೇಬೇಕು. ಹಳೆ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು, ಒಣಗಿದ್ದಂತೆ ಉಜ್ಜಿ ಧೂಳೆಬ್ಬಿಸಬೇಡಿ.

ಕೆಳಗಿನ ಪದರ ಮೊದಲು

ದುಡ್ಡು ಮಿತಿಯಲ್ಲಿದ್ದರೆ ಎಲ್ಲಿ ಹಾಕಬೇಕು? ನಮ್ಮ ಅಭಿಪ್ರಾಯ ಖಚಿತ: ರೆಡ್ ಆಕ್ಸೈಡ್ ಮೇಲೆ ದುಬಾರಿ 2ಕೆ ಹೊಡೆಯುವುದಕ್ಕಿಂತ ಎಪಾಕ್ಸಿ ಪ್ರೈಮರ್ ಮೇಲೆ ಸಾದಾ ಎನಾಮಲ್ ಹೊಡೆಯುವುದು ಮೇಲು. ರೆಡ್ ಆಕ್ಸೈಡ್ ಪದರದಲ್ಲಿ ನೀರು ನಿಧಾನವಾಗಿ ಇಳಿಯುತ್ತದೆ. ಎಪಾಕ್ಸಿ ಬಿಗಿಯಾಗಿ ಅಂಟಿ ನೀರನ್ನು ತಡೆಯುತ್ತದೆ.

ಬರಿ ತಗಡಿಗೆ ತಲುಪಲು ಚಾಸಿ, ಆಕ್ಸಲ್, ಚಕ್ರಗಳಿಗೆ ಬ್ಲಾಸ್ಟಿಂಗ್ (ಮರಳಿನಂಥ ಕಣಗಳನ್ನು ಜೋರಾಗಿ ಊದಿ ಕೆರೆಯುವುದು) ಸರಿ. ಬಾನೆಟ್, ಟಬ್ಬಿನ (ಜನ ಕೂರುವ ಮೈಭಾಗದ) ಪಕ್ಕೆಯಂಥ ಚಪ್ಪಟೆ ತಗಡಿಗೆ ಜೋರು ಬ್ಲಾಸ್ಟಿಂಗ್ ಬೇಡ, ತಗಡು ಸೊಟ್ಟಗಾಗುತ್ತದೆ. ತೆಳು ತಗಡಿನ ಮಾರುತಿ ಜಿಪ್ಸಿಗೆ ಇನ್ನೂ ಬೇಗ. ಅಲ್ಲಿ ಪೇಂಟ್ ರಿಮೂವರ್ ಬಳಿದು ಕೆರೆದು, 80ರಿಂದ 120 ನಂಬರ್ ಪೇಪರಿನಲ್ಲಿ ಉಜ್ಜಿ. ಬರಿ ತಗಡನ್ನು ಇಲ್ಲಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ಕಿತ್ತಳೆ ಬಣ್ಣದ ತೆಳು ತುಕ್ಕು ಎದ್ದಿರುತ್ತದೆ. ಒಂದು ದಿನದಲ್ಲಿ ಪ್ರೈಮರ್ ಮುಟ್ಟಿಸಲು ಆಗುವಷ್ಟು ಭಾಗವನ್ನಷ್ಟೇ ಬಿಚ್ಚಿ ಉಜ್ಜಿ.

ತುಕ್ಕು ಎಲ್ಲಿ ಅಡಗಿದೆ ಎಂದು ಹುಡುಕುವುದರಲ್ಲಿ ಆತುರ ಬೇಡ. ನೆಲದ ಅಡಿಗೆ ಬೆಸೆದಿರುವ ಟೋಪಿ ಆಕಾರದ ಅಡ್ಡಪಟ್ಟಿಗಳೇ ಮೊದಲ ಜಾಗ. ಯುದ್ಧಕಾಲದ ವಿಲ್ಲಿಸ್‌ಗಳಲ್ಲಿ ಆ ಪಟ್ಟಿಯೊಳಗೆ ಮರದ ತುಂಡು ತುರುಕಿರುತ್ತಿತ್ತು. ಅದು ನೀರು ಕುಡಿದು ತಗಡನ್ನು ಒಳಗಿಂದ ತಿನ್ನುತ್ತದೆ. ಹಿಂಚಕ್ರದ ಮೇಲಿನ ಟೂಲ್ ಬಾಕ್ಸಿನ ತಳ, ಬ್ಯಾಟರಿ ತಟ್ಟೆ, ಗಾಜಿನ ಚೌಕಟ್ಟಿನ ಕೆಳಪಟ್ಟಿ, ಟಬ್ಬಿನ ಹಿಂದಿನ ಮೂಲೆಗಳು ನಂತರದವು. ಹೊರಗೆ ಹೊಸ ಪೇಂಟ್ ಹೊಡೆದ ಒಂದೇ ಮಳೆಗಾಲಕ್ಕೆ ಗುಳ್ಳೆ ಎದ್ದರೆ ಅದು ಸಾಮಾನ್ಯವಾಗಿ ಹಿಂಬದಿಯಿಂದ ಬಂದ ತುಕ್ಕು. ತಗಡು ಕತ್ತರಿಸಿ ಹೊಸದು ಬೆಸೆಯುವುದೊಂದೇ ದಾರಿ. ರಸ್ಟ್ ಕನ್ವರ್ಟರ್ ಬಳಿದರೆ ಅದರ ಆಮ್ಲದ ಅಂಶವನ್ನು ಡಬ್ಬಿಯ ಸೂಚನೆಯಂತೆ ತೊಳೆದು ಒಣಗಿಸಲೇಬೇಕು, ಇಲ್ಲವಾದರೆ ಎಪಾಕ್ಸಿ ಹಾಳೆಯಂತೆ ಎದ್ದು ಬರುತ್ತದೆ. ಎಚ್ (etch, ಅಂದರೆ ಆಮ್ಲದಿಂದ ತಗಡನ್ನು ಕಚ್ಚಿ ಹಿಡಿಯುವ) ಪ್ರೈಮರ್ ಮೇಲೆ ನೇರವಾಗಿ ಎಪಾಕ್ಸಿಯನ್ನಾಗಲಿ ಪುಟ್ಟಿಯನ್ನಾಗಲಿ ಹಾಕಬಾರದೆನ್ನುವುದೂ ಇದೇ ಕಾರಣಕ್ಕೆ.

ಕ್ರಮ ಹೀಗೆ: ಬರಿ ತಗಡು, ಎಪಾಕ್ಸಿ ಎರಡು ಕೋಟ್, ಅದರ ಮೇಲೆ ಬೇಕಾದಲ್ಲಿ ಪುಟ್ಟಿ, ಆಮೇಲೆ 2ಕೆ ಸರ್ಫೇಸರ್ (ಮೇಲ್ಮೈ ಸಮಮಾಡುವ ಪ್ರೈಮರ್), ಕೊನೆಗೆ ಬಣ್ಣ. ಪುಟ್ಟಿಯಲ್ಲಿ ಟಾಲ್ಕ್ ಪುಡಿ ಇರುತ್ತದೆ, ಅದು ನೀರು ಹೀರುತ್ತದೆ. ಗ್ಯಾರೇಜುಗಳಲ್ಲಿ ಪುಟ್ಟಿಯನ್ನು ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜುವ ರೂಢಿ ಇದೆ. ಹೀರಿದ ನೀರು ಒಳಗೇ ಉಳಿದು, ಆರು ತಿಂಗಳಿಗೆ ಗುಳ್ಳೆಯಾಗಿ ಹೊರಬರುತ್ತದೆ. ಪುಟ್ಟಿಯನ್ನು ಒಣಗಿದಂತೆಯೇ ಉಜ್ಜಿಸಿ, ನೀರೇನಿದ್ದರೂ ಸರ್ಫೇಸರ್‌ಗೆ. ಸೆಮಿ ಗ್ಲಾಸ್‌ಗೆ 400-500 ನಂಬರ್ ಸಾಕು, ಗ್ಲಾಸ್‌ಗೆ 600-800ರವರೆಗೆ ಹೋಗಬೇಕು.

ಇನ್ನೊಂದು ರೂಢಿ: ಬೇಸಿಗೆಯಲ್ಲಿ ಪ್ರೈಮರ್ ಹೊಡೆದು, ದುಡ್ಡೋ ಸಮಯವೋ ಸಾಲದೆ ‘ಮಳೆ ಮುಗಿಯಲಿ’ ಎಂದು ಬಿಡುವುದು. ಎಪಾಕ್ಸಿಗೆ ಮೇಲಿನ ಕೋಟ್ ಹಿಡಿಯುವ ಅವಧಿ ಡಬ್ಬಿಯ ಮೇಲೆ ಬರೆದಿರುತ್ತದೆ, ಸಾಮಾನ್ಯವಾಗಿ ಕೆಲವೇ ದಿನ. ಅದು ಮೀರಿದರೆ 320 ನಂಬರಿನಲ್ಲಿ ಇಡೀ ಮೈ ಉಜ್ಜಿ, ಮತ್ತೊಂದು ತೆಳು ಕೋಟ್ ಕೊಟ್ಟು ಮುಂದುವರಿಯಬೇಕು. ಬಿಸಿಲಿಗೆ ಎಪಾಕ್ಸಿ ಪುಡಿಪುಡಿಯಾಗುತ್ತದೆ. ಆ ಪುಡಿಯ ಮೇಲೆ ಹೊಡೆದ ಬಣ್ಣ ಉಗುರಿಗೆ ಕಿತ್ತು ಬರುತ್ತದೆ.

ಯಾವ ತಿಂಗಳು, ಯಾವ ಹೊತ್ತು

ಹುತ್ತರಿ ಹಬ್ಬ ಕಳೆದ ಮೇಲೆ ಮಳೆಯ ಭಯ ಕಡಿಮೆ, ಆದರೆ ಡಿಸೆಂಬರ್-ಜನವರಿಯ ರಾತ್ರಿ ಚಳಿಗೆ 2ಕೆ ಮತ್ತು ಎಪಾಕ್ಸಿ ಗಟ್ಟಿಯಾಗುವುದು ನಿಧಾನ. 15 ಡಿಗ್ರಿಯ ಕೆಳಗೆ ಕೆಲಸ ಹೆಚ್ಚು ಕಡಿಮೆ ನಿಂತಂತೆ. ಮೇಲಾಗಿ ಆಗ ಕಣದಲ್ಲಿ ಕಾಫಿ ಹರಡಿರುತ್ತದೆ. ಕಾಫಿ ಬೇಗ ವಾಸನೆ ಹಿಡಿಯುತ್ತದೆ, ಥಿನ್ನರ್ ವಾಸನೆ ಹೊಡೆದ ಬೀಜವನ್ನು ಯಾರೂ ಕೊಳ್ಳುವುದಿಲ್ಲ. ಕಣ ಖಾಲಿಯಾದ ಮೇಲೆ ಮಾರ್ಚ್‌ನಿಂದ ಏಪ್ರಿಲ್ ಮಧ್ಯದವರೆಗೆ ಒಳ್ಳೆಯ ಕಾಲ. ನಡುವೆ ಕಾಫಿ ಅರಳಿಸುವ ಹೂಮಳೆ ಬರುತ್ತದೆ, ಬರಲೇಬೇಕು. ಆ ದಿನ ಮತ್ತು ಮಾರನೇ ದಿನ ಸ್ಪ್ರೇ ಗನ್ ಮುಟ್ಟಬೇಡಿ.

ಹೊತ್ತು ಇನ್ನೂ ಮುಖ್ಯ. ಬೆಳಿಗ್ಗೆ ಒಂಬತ್ತಕ್ಕೆ ಮಂಜು ಸರಿದು ಬಿಸಿಲು ಬಂದಾಗ ಗಾಳಿ ಬೇಗ ಬಿಸಿಯಾಗುತ್ತದೆ, ರಾತ್ರಿಯಿಡೀ ತಣಿದ ಕಬ್ಬಿಣ ಆಗುವುದಿಲ್ಲ. ಆ ತಣ್ಣನೆ ತಗಡಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಕೂರುತ್ತದೆ. ತಗಡಿನ ಉಷ್ಣಾಂಶ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗತೊಡಗುವ ಉಷ್ಣಾಂಶ) ಕನಿಷ್ಠ 3 ಡಿಗ್ರಿ ಮೇಲಿರಬೇಕು ಎಂಬುದು ನಿಯಮ. ಲೆಕ್ಕ ಸುಲಭ: ತೇವಾಂಶ ಶೇ 100ಕ್ಕಿಂತ ಎಷ್ಟು ಕಡಿಮೆಯೋ ಅದನ್ನು 5ರಿಂದ ಭಾಗಿಸಿ, ಗಾಳಿಯ ಉಷ್ಣಾಂಶದಿಂದ ಕಳೆಯಿರಿ. ಗಾಳಿ 22 ಡಿಗ್ರಿ, ತೇವಾಂಶ ಶೇ 80 ಇದ್ದರೆ ಇಬ್ಬನಿ ಬಿಂದು ಸುಮಾರು 18. ತಗಡು 21 ಮುಟ್ಟುವವರೆಗೆ ಕಾಯಬೇಕು. ತೇವಾಂಶ ಶೇ 85 ದಾಟಿದ್ದರೆ ಆ ದಿನ ಬಿಡಿ. ವ್ಯವಹಾರದಲ್ಲಿ ಇದು ಹನ್ನೊಂದಕ್ಕೆ ಶುರು ಮಾಡಿ ಮೂರಕ್ಕೆ ಗನ್ ತೊಳೆಯುವ ಕೆಲಸ. ಸಂಜೆ ಇಬ್ಬನಿ ಬೀಳುವ ಮೊದಲು ಮೇಲ್ಮೈ ಕೈಗಂಟದಷ್ಟು ಒಣಗಿರಬೇಕು. ಸಂಜೆ ಲೈಟ್ ಹಾಕಿದರೆ ಹುಳುಗಳೂ ಬಂದು ಕೂರುತ್ತವೆ.

ಕಂಪ್ರೆಸರ್ ಟ್ಯಾಂಕಿನೊಳಗೂ ಇದೇ ಕಥೆ. ಗಾಳಿ ಒತ್ತಿ ತಣಿದಾಗ ನೀರು ಬೇರಾಗುತ್ತದೆ. ಬೆಳಿಗ್ಗೆ ಮತ್ತು ಪ್ರತಿ ಕೋಟಿನ ಮುಂಚೆ ಡ್ರೈನ್ ತಿರುಗಿಸಿ. ನೀರು ಬೇರ್ಪಡಿಸುವ ಫಿಲ್ಟರನ್ನು ಕಂಪ್ರೆಸರ್ ಮೂತಿಗೇ ಹಾಕಿದರೆ ಗಾಳಿ ಇನ್ನೂ ಬಿಸಿಯಿದ್ದು ನೀರು ಆವಿಯಾಗಿಯೇ ದಾಟಿಹೋಗುತ್ತದೆ. ಆರೇಳು ಮೀಟರ್ ಕಬ್ಬಿಣದ ಪೈಪು ದಾಟಿಸಿ ಆಮೇಲೆ ಹಾಕಿ. 2ಕೆ ಹಾರ್ಡನರ್ ನೀರಿನೊಂದಿಗೆ ಕೂಡಿದರೆ ಗ್ಯಾಸ್ ಬಿಡುಗಡೆಯಾಗಿ ಸೂಜಿಮೊನೆಯಂಥ ರಂಧ್ರಗಳು ಬರುತ್ತವೆ. ಒಮ್ಮೆ ತೆರೆದ ಹಾರ್ಡನರ್ ಡಬ್ಬಿಯನ್ನು ಮುಂದಿನ ವರ್ಷಕ್ಕೆ ಇಡಬೇಡಿ.

ಎಷ್ಟು ತರಬೇಕು, ಹೇಗೆ ಹೊಡೆಯಬೇಕು

ಗಿಡ್ಡ ಜೀಪಿನ ಟಬ್ಬಿನ ಒಳಹೊರಗು, ಬಾನೆಟ್ ಮತ್ತು ಮಡ್‌ಗಾರ್ಡ್‌ಗಳ ಎರಡೂ ಮುಖ, ಗ್ರಿಲ್, ಗಾಜಿನ ಚೌಕಟ್ಟು ಸೇರಿ ಸುಮಾರು 20 ಚದರ ಮೀಟರ್ ಎಂದಿಟ್ಟುಕೊಳ್ಳಿ. ಬೆರೆಸಿದ 2ಕೆಯಲ್ಲಿ ಒಣಗಿ ಉಳಿಯುವ ಭಾಗ ಶೇ 45 ಎಂದಾದರೆ, 50 ಮೈಕ್ರಾನ್ ದಪ್ಪಕ್ಕೆ ಲೀಟರಿಗೆ 9 ಚದರ ಮೀಟರ್ ಬರಬೇಕು. ಗನ್ನಿನಿಂದ ಗಾಳಿಗೆ ಹಾರಿಹೋಗುವುದನ್ನು ಕಳೆದರೆ ಕೈಗೆ ಸಿಗುವುದು 5. ಅಂದರೆ ಬೆರೆಸಿದ ಪೇಂಟ್ 4 ಲೀಟರ್. ಎರಡಕ್ಕೆ ಒಂದು ಅನುಪಾತದ್ದಾದರೆ ಬಣ್ಣ ಎರಡೂವರೆ ಲೀಟರ್, ಹಾರ್ಡನರ್ ಒಂದೂಕಾಲು, ಉಳಿದದ್ದು ಥಿನ್ನರ್. ಮೂರು ಲೀಟರ್ ಬಣ್ಣ ಒಂದೇ ಸಲ ಮಿಕ್ಸ್ ಮಾಡಿಸಿ, ಮಿಕ್ಕ ಅರ್ಧ ಲೀಟರನ್ನು ಹಾರ್ಡನರ್ ಬೆರೆಸದೆ ಮುಚ್ಚಿಡಿ. ಎಪಾಕ್ಸಿ ನೆಲದ ಅಡಿಗೂ ಬೇಕಾದ್ದರಿಂದ ಬೆರೆಸಿದ್ದು 5 ಲೀಟರ್. ಚಾಸಿಯ ಲೆಕ್ಕ ಬೇರೆ.

ಎಪಾಕ್ಸಿ, ಸರ್ಫೇಸರ್‌ಗೆ 1.6ರಿಂದ 1.8 ಮಿ.ಮೀ. ನಾಝಲ್, ಬಣ್ಣಕ್ಕೆ 1.3 ಅಥವಾ 1.4. ಬಿಡಿಸಿದ ಭಾಗಗಳ ಅಂಚು ಮತ್ತು ಒಳಮೂಲೆಗೆ ಮೊದಲು ಹೊಡೆದು ಆಮೇಲೆ ಬಯಲಿಗೆ ಬನ್ನಿ. ಪೇಂಟ್ ಅಂಚಿನಿಂದ ಹಿಂದೆ ಸರಿಯುವ ಗುಣದ್ದು, ತುಕ್ಕು ಶುರುವಾಗುವುದೂ ಅಂಚಿನಿಂದಲೇ.

ಸೆಮಿ ಗ್ಲಾಸಿನಲ್ಲಿ ತಪ್ಪು ಮುಚ್ಚಿಡಲು ಆಗುವುದಿಲ್ಲ. ಗ್ಲಾಸ್ ಆದರೆ ಧೂಳು ಕೂತರೆ 1500-2000 ನಂಬರಿನಲ್ಲಿ ಉಜ್ಜಿ ಬಫ್ ಮಾಡಬಹುದು. ಇಲ್ಲಿ ಬಫ್ ಮಾಡಿದರೆ ಅಷ್ಟು ಜಾಗ ಮಿನುಗುತ್ತದೆ. ಆದ್ದರಿಂದ ಗನ್ನಿನಿಂದ ಬಂದದ್ದೇ ಅಂತಿಮ. ಮ್ಯಾಟಿಂಗ್ ಪುಡಿ ತಳಕ್ಕೆ ಕೂರುತ್ತದೆ. ಪ್ರತಿ ಸಲ ಗನ್ ತುಂಬುವಾಗ ತಳಮುಟ್ಟ ಕಲಕದಿದ್ದರೆ ಎಡ ಮಡ್‌ಗಾರ್ಡ್ ಒಂದು ಹೊಳಪು, ಬಲ ಇನ್ನೊಂದು. ಕೋಟ್ ದಪ್ಪವಾದಲ್ಲಿ ನಿಧಾನ ಒಣಗಿ ಹೊಳಪು ಹೆಚ್ಚುತ್ತದೆ, ತೆಳುವಾದಲ್ಲಿ ಮಂಕಾಗುತ್ತದೆ. ಎರಡು ಸಾಧಾರಣ ಕೋಟ್ ಕೊಟ್ಟು, ನಡುವೆ ಹೊಳಪು ಪೂರ್ತಿ ಸಮನಾಗುವವರೆಗೆ ಕಾದು, ಕೊನೆಯದನ್ನು ಅಡ್ಡಲಾಗಿ ತೆಳುವಾಗಿ ಹೊಡೆಯಿರಿ. ಮೊದಲೇ ಒಂದು ಅಡಿ ಉದ್ದದ ತಗಡಿಗೆ ಅದೇ ಗನ್ನು, ಅದೇ ಒತ್ತಡದಲ್ಲಿ ಹೊಡೆದು ಒಂದು ದಿನ ಒಣಗಿಸಿ, ಹೊರಗೆ ಓರೆಯಾಗಿ ಹಿಡಿದು ನೋಡಿ. ಒದ್ದೆ ಪೇಂಟ್ ನೋಡಿ ಹೊಳಪು ನಿರ್ಧರಿಸಲಾಗದು.

ಒಂದೇ ಜೀಪು, ಬೇರೆ ಬೇರೆ ಜಾಗ

ದಿನವೂ ತೋಟಕ್ಕೆ ಹೋಗುವ ಗಾಡಿಗೆ ನಮ್ಮ ಆಯ್ಕೆ ಹೊರಗೆ 40ರ ಆಸುಪಾಸಿನ ಸೆಮಿ ಗ್ಲಾಸ್. ಕಾರಿನಲ್ಲಿ ಸೆಮಿ ಗ್ಲಾಸ್ ತಲೆನೋವು, ಏಕೆಂದರೆ ಗೀರು ಬಿದ್ದ ಜಾಗಕ್ಕಷ್ಟೇ ಹೊಡೆದು ಸುತ್ತಲಿನದಕ್ಕೆ ಬೆಸೆಯಲಾಗದು. ಇಡೀ ಭಾಗವನ್ನೇ ಹೊಡೆಯಬೇಕು. ಜೀಪಿನಲ್ಲಿ ಮಡ್‌ಗಾರ್ಡ್, ಬಾನೆಟ್, ಗ್ರಿಲ್, ಗಾಜಿನ ಚೌಕಟ್ಟು, ಹಿಂಬಾಗಿಲು ಎಲ್ಲವೂ ಬೋಲ್ಟಿನವು. ಬಿಚ್ಚಿ ಒಂದನ್ನೇ ಹೊಡೆದು ಕೂರಿಸಿದರೆ ಸೇರುವ ಗೆರೆ ಎಂದೂ ಕಾಣದು. ಮಿಕ್ಕಿಸಿಟ್ಟ ಅರ್ಧ ಲೀಟರ್ ಇದಕ್ಕೇ. ಶೆಡ್ಡಿನಲ್ಲಿ ನಿಂತು ಸ್ಪರ್ಧೆ, ಮೆರವಣಿಗೆಗೆ ಮಾತ್ರ ಹೊರಬರುವ ಯುದ್ಧಕಾಲದ ಎಂಬಿಗೆ ಮ್ಯಾಟ್ ಸರಿಯಾದದ್ದೇ. ಅದರ ಬೆಲೆ ಇರುವುದೇ ಅದರಲ್ಲಿ.

ಟಬ್ಬಿನ ನೆಲಕ್ಕೆ ಯಾವ ಹೊಳಪೂ ನಿಲ್ಲದು. ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಚೀಲದಿಂದ ಉದುರಿದ ಹರಳು ಗಾಳಿಯ ತೇವ ಹೀರಿ ಉಪ್ಪುನೀರಾಗುತ್ತದೆ, ಗೀರಿನೊಳಗೆ ಇಳಿಯುತ್ತದೆ. ಮೈಲುತುತ್ತದ ನೀರು ಬರಿ ಕಬ್ಬಿಣಕ್ಕೆ ತಾಗಿದರೆ ತಾಮ್ರ ಕಬ್ಬಿಣದ ಮೇಲೆ ಕೂತು ಸುತ್ತಲಿನ ಕಬ್ಬಿಣವನ್ನು ಕರಗಿಸುತ್ತದೆ. ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸದಿರುವುದು ಇದೇ ಕಾರಣಕ್ಕೆ. ಇಂಥ ನೆಲಕ್ಕೆ ಎಪಾಕ್ಸಿಯ ಮೇಲೆ ಪಿಯು ಬೆಡ್ ಲೈನರ್ (ದಪ್ಪನೆಯ ರಕ್ಷಣಾ ಲೇಪ) ಹೊಡೆಸಬಹುದು. ತುಕ್ಕಿನ ಮೇಲೆ ಹೊಡೆದರೆ ಮಾತ್ರ ತುಕ್ಕು ಅದರಡಿ ಕಾಣದಂತೆ ಬೆಳೆಯುತ್ತದೆ, ತೆಗೆಯಲೂ ಬಾರದು. ನೀರಿಳಿಯುವ ತೂತುಗಳನ್ನು ಲೈನರ್ ಮುಚ್ಚದಂತೆ ಮೊದಲೇ ಬೋಲ್ಟ್ ತುರುಕಿಡಿ.

ಚಕ್ರಕ್ಕೆ ಪೌಡರ್ ಕೋಟಿಂಗ್ ಗಟ್ಟಿ, ಆದರೆ ನಟ್ ಕೂರುವ ಗುಳಿ ಮತ್ತು ಹಬ್‌ಗೆ ತಾಗುವ ಮುಖಕ್ಕೆ ಪೌಡರ್ ಬೀಳದಂತೆ ಮುಚ್ಚಿಸಬೇಕು. ದಪ್ಪ ಪೌಡರ್ ಮೇಲೆ ಬಿಗಿದ ನಟ್, ಪೌಡರ್ ಒತ್ತಿ ತೆಳುವಾದಂತೆ ಸಡಿಲಾಗುತ್ತದೆ. ಮಂಡಲಪಟ್ಟಿ ಬೆಟ್ಟದ ಏರಿನಲ್ಲಿ ಅದು ಗೊತ್ತಾಗಬಾರದು. ಚಾಸಿಗೆ ಸೆಮಿ ಗ್ಲಾಸ್ ಕಪ್ಪು ಸಾಕು. ಡಾಂಬರಿನಂಥ ಅಂಡರ್ ಕೋಟಿಂಗ್ ಬೇಡ, ಅದು ಒಣಗಿ ಬಿರುಕು ಬಿಟ್ಟು ನೀರನ್ನು ಒಳಗೆ ಹಿಡಿದಿಡುತ್ತದೆ. ಚಾಸಿ ಪೆಟ್ಟಿಗೆಯೊಳಗೆ, ಅಡ್ಡಪಟ್ಟಿಗಳೊಳಗೆ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಸಿಂಪಡಿಸಿ, ಪ್ರತಿ ಮೇ ತಿಂಗಳು ಮತ್ತೊಮ್ಮೆ.

ಆರ್‌ಟಿಒ ಕಡೆ

ಆಲಿವ್ ಹಸಿರನ್ನು ಆರಿಸುವ ಮುನ್ನ ತಿಳಿದಿರಲಿ: ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 121ರ ಪ್ರಕಾರ ರಕ್ಷಣಾ ಇಲಾಖೆಯ ವಾಹನ ಬಿಟ್ಟು ಬೇರಾವುದಕ್ಕೂ ಆಲಿವ್ ಹಸಿರು ಬಳಿಯುವಂತಿಲ್ಲ. ಸೇನೆಯ ಹರಾಜಿನಲ್ಲಿ ಬಂದ ಗಾಡಿಯಾದರೂ ನಾಗರಿಕ ನೋಂದಣಿಯಾದ ಮೇಲೆ ಇದು ಅನ್ವಯಿಸುತ್ತದೆ. ಕೊಡಗಿನಲ್ಲಿ ಸೇನೆಯ ನಂಟಿಲ್ಲದ ಮನೆ ಕಡಿಮೆ, ಆಸೆ ಸಹಜ. ಕಂದು ಮರಳು ಬಣ್ಣ ಅಥವಾ ಸಿಜೆ-2ಎಯ ಹುಲ್ಲುಗಾವಲು ಹಸಿರು ಅಷ್ಟೇ ಚೆನ್ನಾಗಿ ಹೊಂದುತ್ತವೆ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಿ, ವಿಮೆಯವರಿಗೂ ತಿಳಿಸಿ. ಐವತ್ತು ವರ್ಷ ದಾಟಿದ ಗಾಡಿಯನ್ನು 2021ರ ನಿಯಮದಡಿ ವಿಂಟೇಜ್ ಎಂದು ನೋಂದಾಯಿಸುವ ಯೋಚನೆಯಿದ್ದರೆ ಚಾಸಿ, ಬಾಡಿ, ಇಂಜಿನ್ ಮೂಲರೂಪದಲ್ಲಿರಬೇಕು. ಹಾಗೆ ನೋಂದಾದ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ.

ಹೊಡೆದ ಮೇಲೆ

2ಕೆಗೆ ಒಂದು ವಾರ, ಎನಾಮಲ್ಲಿಗೆ ಕನಿಷ್ಠ ಮೂರು ವಾರ ಕ್ಯಾನ್ವಾಸ್ ಟಾಪ್ ಬಿಗಿಯಬೇಡಿ. ಒದ್ದೆ ಕ್ಯಾನ್ವಾಸನ್ನು ಮಡಚಿ ಹಿಂಬಾಗಿಲ ಮೇಲೆ ಬಿಟ್ಟರೆ ಗಟ್ಟಿಯಾದ ಪೇಂಟಿನಲ್ಲೂ ಗುಳ್ಳೆ ಏಳುತ್ತದೆ, ಬಕಲ್ ತಾಗುವಲ್ಲಿ ಸವೆಯುತ್ತದೆ. ಅಲ್ಲಿ ತೆಳು ರಬ್ಬರ್ ಪಟ್ಟಿ ಅಂಟಿಸಿ. ಸೆಮಿ ಗ್ಲಾಸ್‌ಗೆ ಸಿಲಿಕೋನ್ ಪಾಲಿಷ್, ಮೇಣ ಹಚ್ಚಬೇಡಿ, ಕಲೆ ಬೀಳುತ್ತದೆ. ಮುಂದೆ ತೇಪೆ ಹೊಡೆಯುವಾಗ ಆ ಸಿಲಿಕೋನ್‌ನಿಂದಲೇ ಪೇಂಟಿನಲ್ಲಿ ಮೀನಿನ ಕಣ್ಣಿನಂಥ ಗುಂಡಿಗಳು ಬರುತ್ತವೆ. ಮೃದು ಸೋಪಿನ ನೀರು ಸಾಕು. ಮೇ ಕೊನೆಯ ವಾರ ಗಾಡಿಯ ಸುತ್ತ ಒಮ್ಮೆ ಬಂದು, ತಗಡು ಕಾಣುವ ಗೀರುಗಳನ್ನು 400 ನಂಬರಿನಲ್ಲಿ ಉಜ್ಜಿ, ಸಣ್ಣ ಬ್ರಷ್ಷಿನಿಂದ ಎಪಾಕ್ಸಿ ಮುಟ್ಟಿಸಿ. ಅದರ ಮೇಲೆ ಬಣ್ಣ ಹೊಂದದೆ ಚುಕ್ಕಿ ಕಂಡರೂ ಪರವಾಗಿಲ್ಲ, ಮಡ್‌ಗಾರ್ಡ್ ಬಿಚ್ಚಿ ಸರಿಯಾಗಿ ಹೊಡೆಯುವ ಕೆಲಸವನ್ನು ಮುಂದಿನ ಮಾರ್ಚ್‌ಗೆ ಇಟ್ಟುಕೊಳ್ಳಬಹುದು.